ಬಾತ್ಮೀದಾರ ಯಾರು ಅಂತ ಕೋರ್ಟಲ್ಲಿ ಕೇಳಬಹುದಾ? ಕೇಳಿದ್ರೆ ಪೊಲೀಸರು ಹೇಳ್ಲೇಬೇಕಾ?

"ಖಚಿತ ಮಾಹಿತಿ ಮೇರೆಗೆ ದಾಳಿ ನಡೆಸಿದ ಪೊಲೀಸರು..." ಅನ್ನೋ ಸಾಲು ಇಲ್ದಿರೋ ದಿನ ನಮ್ಮ ಮಂಡ್ಯ, ಮೈಸೂರು ಪೇಜಲ್ಲಿ ಕಮ್ಮಿ. ಮಳವಳ್ಳಿ ಕಡೆ ತೋಟದಲ್ಲಿ ಇಸ್ಪೀಟು, ಮೈಸೂರಲ್ಲಿ ಬಾಡಿಗೆ ರೂಮಲ್ಲಿ ಗಾಂಜಾ, ಕಾವೇರಿ ದಡದಲ್ಲಿ ರಾತ್ರೋರಾತ್ರಿ ಮರಳು, ಎಲ್ಲಾದಕ್ಕೂ ಶುರು ಅದೇ. ಎಫ್‌ಐಆರ್ ತೆಗೆದು ನೋಡಿದ್ರೆ ಇನ್ನೊಂಚೂರು ಉದ್ದ ಇರತ್ತೆ, "ನಾನು ಠಾಣೆಯಲ್ಲಿದ್ದಾಗ ಬಾತ್ಮೀದಾರರಿಂದ ಖಚಿತ ವರ್ತಮಾನ ಬಂದ ಮೇರೆಗೆ ಪಂಚರು ಹಾಗೂ ಸಿಬ್ಬಂದಿಯೊಂದಿಗೆ ಇಲಾಖಾ ಜೀಪಿನಲ್ಲಿ ಹೊರಟು" ಅಂತ ಹೋಗತ್ತೆ (ಪಂಚರು ಅಂದ್ರೆ ದಾಳಿ, ಜಪ್ತಿ ಕಣ್ಣಾರೆ ನೋಡಿ ಸೈನ್ ಹಾಕೋ ಸಾಕ್ಷಿಗಳು). ಆ ಬಾತ್ಮೀದಾರ ಯಾರು, ಏನು ಹೇಳ್ದ, ಯಾವಾಗ ಹೇಳ್ದ, ಯಾಕೆ ಹೇಳ್ದ, ಏನೂ ಇರಲ್ಲ.

ಕೇಸಾದ ಮನೆಯವರು ವಕೀಲರ ಹತ್ರ ಬಂದ ತಕ್ಷಣ ಕೇಳೋ ಮೊದಲ ಪ್ರಶ್ನೆ ಬೇಲ್ ಯಾವಾಗ ಅಂತ, ಎರಡನೇದು ಯಾರು ಸಾರ್ ಹೇಳಿದ್ದು ಅಂತ. ಆ ಕಡೆ, ಪಕ್ಕದ ಬೀದೀಲಿ ಏನೋ ನಡೀತಿದೆ ಅಂತ ಗೊತ್ತಿದ್ರೂ ಬಾಯಿ ಬಿಡದೆ ಕೂತಿರೋರಿಗೂ ಇದೇ ಭಯ, ಹೇಳಿದ್ರೆ ಕೋರ್ಟಿಗೆ ಎಳೀತಾರೆ, ಹೆಸರು ಊರಿಗೆಲ್ಲಾ ಗೊತ್ತಾಗತ್ತೆ ಅಂತ. ಇಬ್ಬರಿಗೂ ಉತ್ತರ ಇರೋದು ಒಂದೇ ಕಾನೂನಲ್ಲಿ, ಮತ್ತೆ ಅದನ್ನ ಅರ್ಧ ತಿಳ್ಕೊಂಡು ಇಬ್ಬರೂ ಕಷ್ಟಪಡ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದೀನಿ.

ಮೊದ್ಲು ಯಾರು ಯಾರು ಅಂತ ಕ್ಲಿಯರ್ ಮಾಡ್ಕೊಳೋಣ. ಠಾಣೆಗೆ ಹೋಗಿ ದೂರು ಬರ್ಕೊಟ್ಟು ಸೈನ್ ಹಾಕಿದವರು ದೂರುದಾರರು, ಅವರ ಹೆಸರು, ವಿಳಾಸ ಎಫ್‌ಐಆರಲ್ಲೇ ಇರತ್ತೆ, ಅದು ಗುಟ್ಟಲ್ಲ. ಸುಪ್ರೀಂ ಕೋರ್ಟು 2016ರಲ್ಲಿ ಎಫ್‌ಐಆರ್‌ಗಳನ್ನ 24 ಗಂಟೆ ಒಳಗೆ ವೆಬ್‌ಸೈಟಿಗೆ ಹಾಕಿ ಅಂತಲೂ ಹೇಳಿದೆ, ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಕೇಸುಗಳನ್ನ ಬಿಟ್ಟು. ಬಾತ್ಮೀದಾರ ಬೇರೆ, ಅವನು ಕಿವಿಗೆ ಹೇಳಿ ಹೋಗಿರ್ತಾನೆ, ಕಾಗದದಲ್ಲಿ ಎಲ್ಲೂ ಇರಲ್ಲ. ದಾಳಿ ಕೇಸುಗಳಲ್ಲಿ ದೂರುದಾರರ ಜಾಗದಲ್ಲಿ ಸಾಮಾನ್ಯವಾಗಿ ದಾಳಿ ಮಾಡಿದ ಪಿಎಸ್‌ಐ ಅಥವಾ ಇನ್ಸ್‌ಪೆಕ್ಟರ್ ಹೆಸರೇ ಇರೋದು. ಇನ್ನು ಮಾಫಿ ಸಾಕ್ಷಿ ಅಂತ ಇರ್ತಾರೆ, ಆರೋಪಿಗಳಲ್ಲೇ ಒಬ್ಬ ಕ್ಷಮೆ ತಗೊಂಡು ಎಲ್ಲಾ ಹೇಳೋದು, ಅವನು ಓಪನ್ ಕೋರ್ಟಲ್ಲೇ ನಿಂತು ಹೇಳ್ಬೇಕು, ಅವನದ್ದೂ ಗುಟ್ಟೇನಿಲ್ಲ.

ಈಗ ಕಾನೂನು. 1872ರ ಸಾಕ್ಷ್ಯ ಕಾಯ್ದೆಯ 125ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 131. ವಿಷಯ ಸಿಂಪಲ್: ಒಂದು ಅಪರಾಧದ ಬಗ್ಗೆ ಮಾಹಿತಿ ಎಲ್ಲಿಂದ ಬಂತು ಅಂತ ಹೇಳು ಅಂತ ಯಾವ ಮ್ಯಾಜಿಸ್ಟ್ರೇಟನ್ನಾಗಲೀ ಪೊಲೀಸ್ ಅಧಿಕಾರಿಯನ್ನಾಗಲೀ ಬಲವಂತ ಮಾಡೋ ಹಾಗಿಲ್ಲ. ತೆರಿಗೆ, ಕಂದಾಯದ ಅಪರಾಧಗಳಲ್ಲಿ ರೆವಿನ್ಯೂ ಅಧಿಕಾರಿಗಳಿಗೂ ಅದೇ ರಕ್ಷಣೆ. ಗಾಂಜಾ, ಡ್ರಗ್ಸ್ ಕೇಸುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಇದನ್ನೇ 68ನೇ ಸೆಕ್ಷನ್ ಆಗಿ ಇನ್ನೊಂದ್ಸಲ ಬರ್ದಿದಾರೆ. ಆರ್‌ಟಿಐ ಹಾಕಿ ತಗೊಳೋಣ ಅಂದ್ರೆ ಅಲ್ಲೂ 8(1)(ಜಿ) ಅಡ್ಡ ಬರತ್ತೆ, ಯಾರದ್ದಾದ್ರೂ ಜೀವಕ್ಕೆ ಅಪಾಯ ಆಗೋ ಅಥವಾ ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತು ಬಿಟ್ಟುಕೊಡೋ ವಿಷಯ ಕೊಡಬೇಕಿಲ್ಲ ಅಂತ.

ಇದು ನ್ಯಾಯವೇ ಅಂತ ಕೇಳಿದ್ರೆ, ನನ್ನ ಪ್ರಕಾರ ಮೂಲ ಉದ್ದೇಶ ನ್ಯಾಯವೇ. ಒಂದು ಹಳ್ಳೀಲಿ ಇನ್ನೂರು ಮನೆ ಇರತ್ತೆ, ಹೆಸರು ಹೊರಗೆ ಬಂದ್ರೆ ಆ ಮನುಷ್ಯ ನಾಳೆ ಅದೇ ನಾಲೆ ನೀರಿಗೆ, ಅದೇ ಡೇರಿಗೆ, ಅದೇ ಮಾರಿ ಹಬ್ಬಕ್ಕೆ ಹೋಗ್ಬೇಕು. ಹೆಸರು ಗುಟ್ಟಾಗೇ ಉಳಿಯತ್ತೆ ಅನ್ನೋ ನಂಬಿಕೆ ಇಲ್ದಿದ್ರೆ ಯಾರೂ ಏನೂ ಹೇಳಲ್ಲ.

ಆದ್ರೆ ಈ ಸೆಕ್ಷನ್ನಲ್ಲಿ ಎರಡು ವಿಷಯ ಗಮನಿಸ್ಬೇಕು. ಒಂದು, "ಬಲವಂತ ಮಾಡೋ ಹಾಗಿಲ್ಲ" ಅಂತ ಮಾತ್ರ ಇದೆ, "ಹೇಳಬಾರದು" ಅಂತ ಇಲ್ಲ. ಅಂದ್ರೆ ಇದು ಅಧಿಕಾರಿಗೆ ಕೊಟ್ಟಿರೋ ರಕ್ಷಣೆ, ಬಾತ್ಮೀದಾರನಿಗೆ ಕೊಟ್ಟಿರೋ ಹಕ್ಕು ಅಲ್ಲ. ಸಾಕ್ಷಿ ಕಟ್ಟೇಲಿ ನಿಂತ ಅಧಿಕಾರಿ ತಾನಾಗೇ ಹೆಸರು ಹೇಳ್ಬಿಟ್ರೆ ಈ ಸೆಕ್ಷನ್ ಅವನ ಬಾಯಿ ಮುಚ್ಚಲ್ಲ, ಠಾಣೆ ಮುಂದಿನ ಟೀ ಅಂಗಡೀಲಿ ಬಾಯಿ ಜಾರಿದ್ರಂತೂ ಕೇಳೋರೇ ಇಲ್ಲ. ಮಾಹಿತಿ ಕೊಡೋರು ಇದನ್ನ ತಿಳ್ಕೊಂಡಿರ್ಬೇಕು.

ಎರಡನೇದು ಇನ್ನೂ ಮುಖ್ಯ. ನಮ್ಮ ಸೆಕ್ಷನ್ನಲ್ಲಿ "ಆದರೆ" ಅನ್ನೋ ಮಾತೇ ಇಲ್ಲ. ಇಂಗ್ಲೆಂಡಲ್ಲಿ 1890ರಲ್ಲೇ ಮಾರ್ಕ್ಸ್ ವರ್ಸಸ್ ಬೇಫಸ್ ಅನ್ನೋ ಕೇಸಲ್ಲಿ ಅಲ್ಲಿನ ಕೋರ್ಟು, ಬಾತ್ಮೀದಾರರ ಹೆಸರು ಹೇಳಬೇಕಿಲ್ಲ, ಆದ್ರೆ ಆರೋಪಿ ನಿರಪರಾಧಿ ಅಂತ ತೋರಿಸೋಕೆ ಆ ಹೆಸರು ಬೇಕೇ ಬೇಕು ಅಂದ್ರೆ ಆಗ ಗುಟ್ಟು ಸೋಲ್ಬೇಕು ಅಂತ ಹೇಳ್ತು. ಕೆನಡಾದಲ್ಲೂ ನಿಯಮ ಅದೇ, ಗುಟ್ಟು ಹೆಚ್ಚುಕಮ್ಮಿ ಸಂಪೂರ್ಣ, ನಿರಪರಾಧಿ ಜೈಲಿಗೆ ಹೋಗೋ ಅಪಾಯ ಇದ್ರೆ ಮಾತ್ರ ಬಾಗಿಲು ತೆಗೀತಾರೆ. ನಮ್ಮಲ್ಲಿ ಆ ಬಾಗಿಲು ಸೆಕ್ಷನ್ ಒಳಗೆ ಬರ್ದಿಲ್ಲ. 150 ವರ್ಷದ ಮೇಲೆ ಹೊಸ ಕಾಯ್ದೆ ಬರೀವಾಗ್ಲಾದ್ರೂ ಒಂದು ಸಾಲು ಸೇರಿಸ್ಬಹುದಿತ್ತು, ಸೇರಿಸ್ಲಿಲ್ಲ, ಇದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಹಾಗಾದ್ರೆ ಆರೋಪಿ ಕೈಲಿ ಏನೂ ಇಲ್ವಾ? ಇದೆ, ಮತ್ತೆ ಬಹಳ ಜನ ಹೆಸರಿನ ಹಿಂದೆ ಬಿದ್ದು ಇದನ್ನೇ ಕಳ್ಕೊಳ್ತಾರೆ. ಕಾನೂನು ಮುಚ್ಚಿಟ್ಟಿರೋದು ಹೆಸರನ್ನ, ಮಾಹಿತಿಯ ಜಾಡನ್ನಲ್ಲ. ಎಷ್ಟು ಹೊತ್ತಿಗೆ ಬಂತು, ಅಧಿಕಾರಿ ಆಗ ಎಲ್ಲಿದ್ರು, ಬರ್ಕೊಂಡ್ರಾ, ಮೇಲಧಿಕಾರಿಗೆ ಕಳಿಸಿದ್ರಾ, ಸ್ಟೇಷನ್ ಡೈರೀಲಿ ಎಂಟ್ರಿ ಇದೆಯಾ, ಎಷ್ಟು ಹೊತ್ತಿಗೆ ಹೊರಟ್ರು, ಪಂಚರನ್ನ ಎಲ್ಲಿಂದ ಕರ್ಕೊಂಡ್ರು, ಇದ್ಯಾವುದಕ್ಕೂ 131ರ ರಕ್ಷಣೆ ಇಲ್ಲ.

ಎನ್‌ಡಿಪಿಎಸ್ ಕೇಸಲ್ಲಿ ಇದು ಜೀವನ್ಮರಣದ ಪ್ರಶ್ನೆ, ಯಾಕಂದ್ರೆ ಗಾಂಜಾ 20 ಕೆಜಿ ದಾಟಿದ್ರೆ ಅದು ಕಮರ್ಷಿಯಲ್ ಕ್ವಾಂಟಿಟಿ, ಕನಿಷ್ಠ ಶಿಕ್ಷೆ 10 ವರ್ಷ, ಕನಿಷ್ಠ ದಂಡ 1 ಲಕ್ಷ, ಬೇಲ್ ಸಿಗೋದು ತುಂಬಾ ಕಷ್ಟ, ಅದರ ಮೇಲೆ ಮಾಲು ನಿನ್ನ ಹತ್ರ ಸಿಕ್ತು ಅಂತ ಆದ್ರೆ ನಿನಗೆ ಗೊತ್ತಿತ್ತು ಅಂತ ಕೋರ್ಟೇ ಅಂದ್ಕೊಳತ್ತೆ, ಗೊತ್ತಿರ್ಲಿಲ್ಲ ಅಂತ ಸಾಬೀತು ಮಾಡೋದು ಆರೋಪಿ ತಲೆ ಮೇಲೆ. ಇಷ್ಟು ಗಟ್ಟಿ ಕಾಯ್ದೆ ಮಾಡಿದವರು ಪೊಲೀಸರಿಗೂ ಒಂದು ಕಟ್ಟು ಹಾಕಿದಾರೆ, ಅದೇ 42ನೇ ಸೆಕ್ಷನ್. ಮನೆ, ಗೋಡೌನ್ ಥರದ ಜಾಗಕ್ಕೆ ವಾರಂಟ್ ಇಲ್ದೆ ನುಗ್ಗೋ ಮುಂಚೆ ಬಂದ ಮಾಹಿತೀನ ಬರ್ಕೋಬೇಕು, ಅದರ ಕಾಪಿ 72 ಗಂಟೆ ಒಳಗೆ ಮೇಲಧಿಕಾರಿಗೆ ಹೋಗ್ಬೇಕು. 2009ರಲ್ಲಿ ಕರ್ನೇಲ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ, ಅರ್ಜೆಂಟ್ ಇದ್ರೆ ಬರೆಯೋದು, ಕಳಿಸೋದು ತಡ ಆಗ್ಬಹುದು, ಅದಕ್ಕೆ ಒಪ್ಪೋ ಅಂಥ ಕಾರಣ ಕೊಡ್ಬೇಕು, ಆದ್ರೆ ಪೂರ್ತಿ ಮಾಡ್ದೇ ಇರೋದು ನಡೆಯಲ್ಲ ಅಂತ ಹೇಳಿದೆ. ರಸ್ತೆ, ಬಸ್‌ಸ್ಟ್ಯಾಂಡ್ ಥರದ ಸಾರ್ವಜನಿಕ ಜಾಗ ಆದ್ರೆ 43ನೇ ಸೆಕ್ಷನ್, ಅಲ್ಲಿ ಈ ಬರೆಯೋ ಕಡ್ಡಾಯ ಇಲ್ಲ. ಅದಕ್ಕೇ ಎಷ್ಟೋ ಕೇಸಲ್ಲಿ ಜಗಳ ನಡೆಯೋದು ಮಾಲು ಸಿಕ್ಕಿದ್ದು ಮನೆ ಒಳಗಾ, ಮನೆ ಮುಂದಿನ ರೋಡಲ್ಲಾ ಅನ್ನೋದರ ಮೇಲೆ.

ಒಂದು ಕಲ್ಪನೆ ಕೇಸು ಇಟ್ಕೊಳಿ. ಶ್ರೀರಂಗಪಟ್ಟಣದ ಹತ್ರ ಒಂದು ಬಾಡಿಗೆ ಮನೆ, 22 ಕೆಜಿ ಗಾಂಜಾ ಸಿಕ್ತು ಅಂತ ಕೇಸು. ವಕೀಲರು ಪಾಟಿ ಸವಾಲಲ್ಲಿ "ನಿಮಗೆ ಹೇಳಿದ್ದು ಯಾರು" ಅಂತ ಕೇಳಿದ್ರೆ ಸರ್ಕಾರಿ ಅಭಿಯೋಜಕರು ಎದ್ದು ಆಕ್ಷೇಪಣೆ ಮಾಡ್ತಾರೆ, ಜಡ್ಜ್ ಒಪ್ತಾರೆ, ಅಲ್ಲಿಗೆ ಮುಗೀತು, ಟೈಮ್ ವೇಸ್ಟು. ಅದರ ಬದ್ಲು ಹೀಗೆ ಕೇಳಿದ್ರೆ? ಮಾಹಿತಿ ಬಂದಾಗ ಎಷ್ಟು ಗಂಟೆ? ಸಂಜೆ ನಾಲ್ಕು. ಎಲ್ಲಿದ್ರಿ? ಠಾಣೇಲಿ. ಫೋನಲ್ಲಾ, ಎದುರಿಗೆ ಬಂದಾ? ಎದುರಿಗೆ. ಬರ್ಕೊಂಡ್ರಾ? ಬರ್ಕೊಂಡೆ. ಅದು ಎಲ್ಲಿದೆ? ಕಡತದಲ್ಲಿದೆ. ಈ ಕಾಗದದ ಮೇಲೆ ಕ್ರೈಂ ನಂಬರ್ ಇದೆಯಲ್ಲ, ಎಫ್‌ಐಆರ್ ಆಗಿದ್ದು ರಾತ್ರಿ ಒಂಬತ್ತಕ್ಕೆ, ನಾಲ್ಕು ಗಂಟೆಗೆ ಬರೆದ ಕಾಗದಕ್ಕೆ ಒಂಬತ್ತು ಗಂಟೆಗೆ ಹುಟ್ಟಿದ ನಂಬರ್ ಹೇಗೆ ಬಂತು? ಇಲ್ಲಿ ಬಾತ್ಮೀದಾರನ ಹೆಸರು ಯಾರೂ ಕೇಳ್ಲಿಲ್ಲ, ಆದ್ರೆ ಆ ಬಾತ್ಮಿ ನಿಜವಾಗ್ಲೂ ಬಂದಿತ್ತಾ ಅನ್ನೋದೇ ಅಲ್ಲಾಡೋಕೆ ಶುರುವಾಯ್ತು. ನಂಬರ್ ಆಮೇಲೆ ಬರ್ದಿದ್ದು ಅಂತ ಅಧಿಕಾರಿ ಹೇಳ್ಬಹುದು, ಅದು ಸರೀನೂ ಇರ್ಬಹುದು, ಅದನ್ನ ತೂಗಿ ನೋಡೋದು ಜಡ್ಜ್ ಕೆಲಸ. ಪ್ರಶ್ನೆ ಮಾತ್ರ ಕಾನೂನು ಪ್ರಕಾರ ಪಕ್ಕಾ.

ಕೇಸ್ ಡೈರಿ, ಅಂದ್ರೆ ತನಿಖಾಧಿಕಾರಿ ತನಿಖೆ ಬಗ್ಗೆ ದಿನಾ ಬರ್ಕೊಳೋ ಡೈರಿ, ನೋಡ್ಬಹುದಾ ಅಂತ ಕೇಳ್ತಾರೆ. ಆರೋಪಿ ಕೇಳೋ ಹಾಗಿಲ್ಲ, ಈಗಿನ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 192ನೇ ಸೆಕ್ಷನ್ ಅದನ್ನೇ ಹೇಳೋದು, ಜಡ್ಜ್ ತರಿಸ್ಕೊಂಡು ನೋಡ್ಬಹುದು. ಆದ್ರೆ ಅಧಿಕಾರಿ ಸಾಕ್ಷಿ ಹೇಳ್ತಾ ನೆನಪಿಗೋಸ್ಕರ ಡೈರಿ ತಿರುವಿ ನೋಡಿದ್ರೆ ಆ ಭಾಗ ನೋಡೋ ಹಕ್ಕು ಆರೋಪಿ ಕಡೆಗೆ ಬರತ್ತೆ, ಜೂನಿಯರ್ ವಕೀಲರು ಇದನ್ನ ಕಣ್ಣಿಟ್ಟು ನೋಡ್ತಿರ್ಬೇಕು.

ಚಾರ್ಜ್‌ಶೀಟ್ ವಿಷಯಕ್ಕೆ ಬಂದ್ರೆ, ಪೊಲೀಸರು ಯಾವ ಸಾಕ್ಷಿಗಳ ಮೇಲೆ ನಿಂತಿದಾರೋ ಅವರ ಹೇಳಿಕೆಗಳೆಲ್ಲ ಆರೋಪಿಗೆ ಸಿಗ್ಬೇಕು, ಬಿಎನ್‌ಎಸ್‌ಎಸ್ 230ರ ಪ್ರಕಾರ ಆರೋಪಿ ಹಾಜರಾಗಿ 14 ದಿನದೊಳಗೆ. ಯಾವುದೋ ಹೇಳಿಕೆಯ ಒಂದು ಭಾಗ ಕೊಟ್ರೆ ಸಾರ್ವಜನಿಕ ಹಿತಕ್ಕೆ ತೊಂದ್ರೆ ಅಂತ ತನಿಖಾಧಿಕಾರಿಗೆ ಅನ್ಸಿದ್ರೆ 193(7)ರ ಕೆಳಗೆ ಕಾರಣ ಬರೆದು, ಆ ಭಾಗ ಗುರುತು ಹಾಕಿ, ಕಾಪೀಲಿ ಬಿಡಿ ಅಂತ ಮ್ಯಾಜಿಸ್ಟ್ರೇಟರನ್ನ ಕೇಳ್ಕೋಬಹುದು. ಗಮನಿಸಿ, ಕೇಳ್ಕೋಬಹುದು ಅಷ್ಟೇ. ಮ್ಯಾಜಿಸ್ಟ್ರೇಟ್ ಓದಿ ನೋಡಿ, ಇಲ್ಲ ಇದು ಆರೋಪಿಗೆ ಸಿಗ್ಬೇಕು ಅನ್ಸಿದ್ರೆ ಕೊಡ್ಸೋ ಅಧಿಕಾರ ಅವರಿಗಿದೆ. ಇನ್ನೊಂದು ದೊಡ್ಡ ಬದಲಾವಣೆ 2021ರಲ್ಲಿ ಆಯ್ತು, ಪೊಲೀಸರು ವಶಪಡಿಸ್ಕೊಂಡು ಆದ್ರೆ ಕೇಸಿಗೆ ಬಳಸ್ದೇ ಬಿಟ್ಟಿರೋ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟೀನೂ ಆರೋಪಿಗೆ ಕೊಡ್ಬೇಕು ಅಂತ ಸುಪ್ರೀಂ ಕೋರ್ಟು ಹೇಳ್ತು. ಪಟ್ಟಿ ಸಿಕ್ಕಿದ್ರೆ ತಾನೇ ಏನು ಮುಚ್ಚಿಟ್ಟಿದಾರೆ ಅಂತ ಕೇಳೋಕಾಗೋದು. ಇದು ಕೆಳಗಿನ ಕೋರ್ಟುಗಳಲ್ಲಿ ಕೇಳದೇ ಸಿಗಲ್ಲ ಅಂದ್ಕೊಂಡೇ ಕೇಳಿ, ಅರ್ಜಿ ಹಾಕಿ.

ಈಗ ನನಗೆ ಅತೀ ಮುಖ್ಯ ಅನ್ಸೋ ಭಾಗ. ಬಾತ್ಮೀದಾರ ಬರೀ ಹೇಳಿ ಹೋದ್ನಾ, ಇಲ್ಲ ಘಟನೆ ಒಳಗೇ ಇದ್ದನಾ? ಇವೆರಡಕ್ಕೂ ಅಜಗಜಾಂತರ.

ಅಮೆರಿಕದಲ್ಲಿ 1957ರ ರೊವಿಯಾರೊ ಕೇಸು ಇದನ್ನ ಅರ್ಥ ಮಾಡ್ಕೊಳೋಕೆ ಬಹಳ ಒಳ್ಳೇದು. ಶಿಕಾಗೋದಲ್ಲಿ ಪೊಲೀಸರ ಬಾತ್ಮೀದಾರ ಒಬ್ಬ ತನ್ನ ಕಾರಲ್ಲಿ ಬಂದ, ಆ ಕಾರಿನ ಡಿಕ್ಕೀಲಿ ಒಬ್ಬ ಪೊಲೀಸ್ ಅಧಿಕಾರಿ ಅಡಗಿ ಕೂತಿದ್ರು. ರೊವಿಯಾರೊ ಕಾರು ಹತ್ತಿದ, ಸ್ವಲ್ಪ ದೂರ ಹೋಗಿ ಒಂದು ಮರದ ಹತ್ರದಿಂದ ಪೊಟ್ಟಣ ತಂದು ಕಾರಲ್ಲಿಟ್ಟ ಅಂತ ಕೇಸು, ಪೊಟ್ಟಣದಲ್ಲಿ ಹೆರಾಯಿನ್. ಕಾರೊಳಗೆ ಕೂತಿದ್ದೋರು ಇಬ್ಬರೇ, ಆರೋಪಿ ಮತ್ತೆ ಬಾತ್ಮೀದಾರ. ಆಮೇಲೆ ಪೊಲೀಸ್ ಕಚೇರೀಲಿ ಇಬ್ಬರನ್ನೂ ಎದುರು ಬದುರು ನಿಲ್ಸಿದಾಗ ಆ ಬಾತ್ಮೀದಾರ, ಇವನು ಯಾರೋ ನನಗೆ ಗೊತ್ತೇ ಇಲ್ಲ ಅಂದ. ಅಂಥ ಮನುಷ್ಯನ ಹೆಸರೇ ಹೇಳಲ್ಲ ಅಂತ ಸರ್ಕಾರ ಹಠ ಹಿಡೀತು. ಅಲ್ಲಿನ ಸುಪ್ರೀಂ ಕೋರ್ಟು ಶಿಕ್ಷೇನ ರದ್ದು ಮಾಡ್ತು. ಆರೋಪಿಯ ರಕ್ಷಣೆಗೆ ಆ ವ್ಯಕ್ತಿ ಅಗತ್ಯ ಅಂತ ಕಂಡಾಗ ಗುಟ್ಟು ದಾರಿ ಬಿಡ್ಬೇಕು, ಪ್ರತಿ ಕೇಸಲ್ಲೂ ಎರಡೂ ಕಡೆ ತೂಗಿ ನೋಡ್ಬೇಕು ಅಂತ ಹೇಳ್ತು. ಅದೇ ಕೋರ್ಟು 1967ರಲ್ಲಿ ಇನ್ನೊಂದು ಕೇಸಲ್ಲಿ, ಬಾತ್ಮೀದಾರ ಬರೀ ಸುಳಿವು ಕೊಟ್ಟು, ಅದರ ಮೇಲೆ ಪೊಲೀಸರು ಬಂಧಿಸಿದಾಗ ಆ ಬಂಧನ ಸರಿಯಾ ಅಂತ ನೋಡೋಕೆ ಹೆಸರು ಹೇಳ್ಲೇಬೇಕು ಅಂತೇನಿಲ್ಲ ಅಂದಿದೆ.

ನಮ್ಮಲ್ಲಿ ಈ ತೂಗೋದು ಸೆಕ್ಷನ್ನಲ್ಲಿ ಬರ್ದಿಲ್ಲ ನಿಜ, ಆದ್ರೆ ವಾದಕ್ಕೆ ದಾರಿ ಇದೆ. 131 ಹೇಳೋದು "ಮಾಹಿತಿ ಎಲ್ಲಿಂದ ಬಂತು" ಅನ್ನೋದರ ಬಗ್ಗೆ ಮಾತ್ರ. ಗಿರಾಕಿ ವೇಷದಲ್ಲಿ ಹೋಗಿ ದುಡ್ಡು ಕೊಟ್ಟು ಮಾಲು ತಗೊಂಡವನು ಮಾಹಿತಿ ಮೂಲವಾಗಿ ಉಳಿಯಲ್ಲ, ಅವನು ಕಣ್ಣಾರೆ ಕಂಡ ಸಾಕ್ಷಿ. ಅಂಥ ಸಾಕ್ಷೀನ ಕರೆಸ್ದೇ ಮುಚ್ಚಿಟ್ರೆ, ಅವನು ಬಂದಿದ್ರೆ ಪೊಲೀಸರ ಕಥೆಗೆ ವಿರುದ್ಧ ಹೇಳ್ತಿದ್ದ ಅಂತ ಕೋರ್ಟು ಅಂದ್ಕೋಬಹುದು, ಹಳೇ ಸಾಕ್ಷ್ಯ ಕಾಯ್ದೆಯ 114ನೇ ಸೆಕ್ಷನ್, ಹೊಸ ಸಾಕ್ಷ್ಯ ಅಧಿನಿಯಮದ 119, ಅದರ ಜಿ ಉದಾಹರಣೆ ಇದಕ್ಕೇ ಇರೋದು.

ಮಂಡ್ಯದವರಿಗೆ ಭ್ರೂಣಲಿಂಗ ಪತ್ತೆ ವಿಷಯ ಬೇಗ ಅರ್ಥ ಆಗತ್ತೆ. 2023ರ ನವೆಂಬರಲ್ಲಿ ಬೆಂಗಳೂರು ಪೊಲೀಸರ ತನಿಖೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡ್ತಿದ್ರು ಅನ್ನೋ ಆರೋಪ ಹೊರಗೆ ಬಂದಾಗ ಎಲ್ಲರೂ ಕೇಳಿದ್ದು, ಸುತ್ತಮುತ್ತ ಯಾರಿಗೂ ಗೊತ್ತಿರ್ಲಿಲ್ವಾ ಅಂತ. ಬೆಲ್ಲ ಬೇಯೋ ಜಾಗದಲ್ಲಿ ಅಂಥದ್ದು ನಡೀತಿದೆ ಅಂತ ಗೊತ್ತಿದ್ದೋರು ಬಾಯಿ ಬಿಡ್ಬೇಕಂದ್ರೆ ಭಯ ಇರ್ಬಾರ್ದು. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಕೋರ್ಟಿಗೆ ದೂರು ಹಾಕೋದು ಮುಖ್ಯವಾಗಿ ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರ, ಹಾಗಾಗಿ ಸುಳಿವು ಕೊಟ್ಟವರು ದೂರುದಾರರಾಗಿ ಸೈನ್ ಹಾಕೋ ಅಗತ್ಯ ಇರಲ್ಲ. ಆದ್ರೆ ಇಂಥ ಕಡೆ ಗರ್ಭಿಣಿಯೊಬ್ಬರನ್ನ ಗಿರಾಕಿ ಥರ ಕಳಿಸಿ ಕಾರ್ಯಾಚರಣೆ ಮಾಡಿದ್ರೆ ಆ ಹೆಣ್ಣುಮಗಳು ಸಾಕ್ಷಿ, ಆಕೆ ಕೋರ್ಟಿಗೆ ಬರ್ಬೇಕಾಗತ್ತೆ, ಪಾಟಿ ಸವಾಲು ಎದುರಿಸ್ಬೇಕಾಗತ್ತೆ. ಒಪ್ಕೊಳೋ ಮುಂಚೇನೇ ಇದನ್ನ ಆಕೆಗೆ ಬಿಡಿಸಿ ಹೇಳೋದು ಅಧಿಕಾರಿಗಳ ಕರ್ತವ್ಯ.

ಎರಡೂ ಕಡೆ ಉಳಿಸೋ ದಾರಿ ಇದೆಯಾ ಅಂದ್ರೆ, ನನಗೆ ತುಂಬಾ ಇಷ್ಟವಾದ ಆದೇಶ 2014ರ ಸುರೇಶ್ ಕುಮಾರ್ ಕೇಸಿಂದು. ಡ್ರಗ್ಸ್ ಕೇಸು. ಆರೋಪಿ ವಾದ ಏನಂದ್ರೆ, ಅಧಿಕಾರಿಗಳು ಹೇಳೋ ಜಾಗದಲ್ಲಿ ಹೇಳೋ ಹೊತ್ತಲ್ಲಿ ಅವರು ಇರ್ಲೇ ಇಲ್ಲ, ಅವರ ಮೊಬೈಲ್ ಕಾಲ್ ಡೀಟೇಲ್ಸ್ ತರಿಸಿ ಅಂತ. ಸರ್ಕಾರದ ವಾದ, ಕೊಟ್ರೆ ಯಾರು ಯಾರು ಫೋನ್ ಮಾಡಿದ್ರು ಅಂತ ಗೊತ್ತಾಗಿ ಬಾತ್ಮೀದಾರರ ಜೀವಕ್ಕೆ ಅಪಾಯ ಅಂತ. ಎರಡೂ ನ್ಯಾಯವಾದ ಮಾತೇ. ಸುಪ್ರೀಂ ಕೋರ್ಟು ಟವರ್ ಲೊಕೇಶನ್ ವಿವರ ಕೊಡಿ, ಫೋನ್ ಮಾಡಿದ ಬೇರೆಯವರ ವಿವರಕ್ಕೆ ಮಸಿ ಬಳಿದು ಕೊಡಿ ಅಂತ ಹೇಳ್ತು. ಅಧಿಕಾರಿ ಎಲ್ಲಿದ್ರು ಅಂತ ಆರೋಪಿಗೆ ಗೊತ್ತಾಯ್ತು, ಯಾರು ಸುಳಿವು ಕೊಟ್ರು ಅಂತ ಗೊತ್ತಾಗ್ಲಿಲ್ಲ. ಗುಟ್ಟು ಅಂದ ತಕ್ಷಣ ಪೂರ್ತಿ ಕಡತಕ್ಕೆ ಬೀಗ ಹಾಕ್ಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. 2023ರಲ್ಲಿ ಮಲಯಾಳಂ ನ್ಯೂಸ್ ಚಾನೆಲ್ ಮೀಡಿಯಾ ಒನ್ ಕೇಸಲ್ಲೂ, ಅದು ಕ್ರಿಮಿನಲ್ ವಿಚಾರಣೆ ಅಲ್ದಿದ್ರೂ, ಸುಪ್ರೀಂ ಕೋರ್ಟು ಮುಚ್ಚಿದ ಲಕೋಟೇಲಿ ಜಡ್ಜ್‌ಗೆ ಮಾತ್ರ ಕೊಡೋ ಪದ್ಧತೀನ ಕಟುವಾಗಿ ಟೀಕಿಸಿದೆ.

ಗುಟ್ಟಿನ ಹೆಸರಲ್ಲಿ ಎಷ್ಟು ದೂರ ಹೋಗ್ಬಹುದು ಅಂತ ನೋಡ್ಬೇಕಂದ್ರೆ ಆಸ್ಟ್ರೇಲಿಯಾದ ಮೆಲ್ಬರ್ನ್ ನೋಡಿ. ಅಲ್ಲಿ ಕ್ರಿಮಿನಲ್ ವಕೀಲೆಯೊಬ್ಬರು ತಮ್ಮ ಕಕ್ಷಿದಾರರ ವಿಷಯಗಳನ್ನೇ ಪೊಲೀಸರಿಗೆ ಕೊಡ್ತಿದ್ರು, ಲಾಯರ್ ಎಕ್ಸ್ ಅಂತ ಕರೀತಿದ್ರು. ಪೊಲೀಸರು ವರ್ಷಗಟ್ಟಲೆ ಇದನ್ನ ಕೋರ್ಟಿಂದ ಮುಚ್ಚಿಟ್ರು. ಹೆಸರು ಹೇಳಿದ್ರೆ ಆಕೆಯ ಜೀವಕ್ಕೆ ಅಪಾಯ ಅಂತ ಪೊಲೀಸರು ವಾದಿಸಿದ್ರೂ 2018ರಲ್ಲಿ ಅಲ್ಲಿನ ಹೈಕೋರ್ಟು, ಅದೇ ಆ ದೇಶದ ಅತ್ಯುನ್ನತ ಕೋರ್ಟು, ಶಿಕ್ಷೆ ಆದವರಿಗೆ ವಿಷಯ ತಿಳಿಸ್ಲೇಬೇಕು ಅಂತ ತೀರ್ಪು ಕೊಡ್ತು. ಆಮೇಲೆ ಶಿಕ್ಷೆಗಳು ರದ್ದಾದ್ವು, ದೊಡ್ಡ ವಿಚಾರಣಾ ಆಯೋಗ ಕೂತು 2020ರಲ್ಲಿ ವರದಿ ಕೊಡ್ತು.

ನಮ್ಮಲ್ಲಿ ಹೊಸದಾಗಿ ಬಂದಿರೋದು ವಿಡಿಯೋ. ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧ, ಜಪ್ತಿ ಎಲ್ಲಾ ಆಡಿಯೋ ವಿಡಿಯೋ ರೆಕಾರ್ಡ್ ಆಗ್ಬೇಕು. ಇದು ಆರೋಪಿಗೆ ಒಳ್ಳೇದು, ಆದ್ರೆ ಜೊತೇಲಿ ಬಂದು ಮನೆ ತೋರಿಸೋ ಬಾತ್ಮೀದಾರ ಆ ಫ್ರೇಮಲ್ಲಿ ಬಿದ್ರೆ, ಆ ವಿಡಿಯೋ ಕೋರ್ಟಲ್ಲಿ ಓಡಿದಾಗ ಅವನ ಗುಟ್ಟು ಎಲ್ಲಿ ಉಳೀತು? ಸಿಬ್ಬಂದಿಗೆ ಇದರ ಬಗ್ಗೆ ಟ್ರೈನಿಂಗ್ ಬೇಕು, ತುಂಬಾ ಬೇಕು.

ಮಾಹಿತಿ ಕೊಡೋರಿಗೆ ಒಂದೆರಡು ಮಾತು. ಸುಳಿವು ಕೊಡೋದು ಬೇರೆ, ಹೇಳಿಕೆ ಕೊಡೋದು ಬೇರೆ. ಪೊಲೀಸರು ನಿಮ್ಮ ಹೇಳಿಕೆ ಬರ್ಕೊಂಡು ಸಾಕ್ಷಿ ಪಟ್ಟೀಲಿ ಹೆಸರು ಹಾಕಿದ್ರೆ ಆ ಹೇಳಿಕೆ ಆರೋಪಿ ಕೈಗೆ ಹೋಗತ್ತೆ, ಆಗ 131 ಸೆಕ್ಷನ್ ನಿಮ್ಮನ್ನ ಕಾಯಲ್ಲ. ಮಹಜರಿಗೆ ಪಂಚರಾಗಿ ಸೈನ್ ಹಾಕಿ ಅಂತ ಕರೆದ್ರೂ ಅಷ್ಟೇ. 112ಕ್ಕೆ ಫೋನ್ ಮಾಡಿದ್ರೆ ನಿಮ್ಮ ನಂಬರ್ ರೆಕಾರ್ಡಲ್ಲಿ ಇರತ್ತೆ ಅನ್ನೋದೂ ಗೊತ್ತಿರ್ಲಿ. ಸಾಕ್ಷಿಯಾಗ್ಲೇಬೇಕಾಗಿ ಬಂದು ಬೆದರಿಕೆ ಇದ್ರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, ಮಹೇಂದರ್ ಚಾವ್ಲಾ ಕೇಸಲ್ಲಿ ಸುಪ್ರೀಂ ಕೋರ್ಟು ಅದನ್ನ ಕಾನೂನಿನ ಥರಾನೇ ಪಾಲಿಸಿ ಅಂತ ಹೇಳಿದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕ್ಬಹುದು, ಪೊಲೀಸರಿಂದ ಬೆದರಿಕೆ ವರದಿ ತರಿಸ್ಕೊಂಡು ರಕ್ಷಣೆ ಕೊಡ್ತಾರೆ, ಗುರುತು ಮುಚ್ಚಿಡೋ ಆದೇಶಾನೂ ಮಾಡ್ಬಹುದು.

ಆರೋಪಿ ಕಡೆಯವರಿಗೆ ಹೇಳೋದು ಒಂದೇ, ತಡ ಮಾಡ್ಬೇಡಿ. ಜಾಡು ಅಳಿಸಿ ಹೋಗತ್ತೆ. ಟೆಲಿಕಾಂ ಕಂಪನಿಗಳು ಕಾಲ್ ರೆಕಾರ್ಡ್ ವಿವರಗಳನ್ನ ಕನಿಷ್ಠ ಎರಡು ವರ್ಷ ಇಟ್ಕೋಬೇಕು ಅಂತ 2021ರ ಡಿಸೆಂಬರಿಂದ ಷರತ್ತಿದೆ, ನಮ್ಮಲ್ಲಿ ಅಧಿಕಾರಿಯ ಪಾಟಿ ಸವಾಲು ಬರೋ ಹೊತ್ತಿಗೆ ಎರಡು ವರ್ಷ ಎಷ್ಟೋ ಸಲ ದಾಟಿರತ್ತೆ. ಠಾಣೆಯ ಸಿಸಿಟಿವಿ ದೃಶ್ಯ 18 ತಿಂಗಳು, ಅಷ್ಟು ಸಾಧ್ಯ ಆಗ್ದಿದ್ರೂ ಒಂದು ವರ್ಷಕ್ಕೆ ಕಮ್ಮಿ ಇಲ್ದಂಗೆ ಇಡ್ಬೇಕು ಅಂತ 2020ರಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನಾಲ್ಕು ಗಂಟೆಗೆ ಜೀಪು ಹೊರಟಿತ್ತಾ ಇಲ್ವಾ ಅನ್ನೋದು ಅದರಲ್ಲೇ ಇರತ್ತೆ. ಹಾಗಾಗಿ ಬೇಲ್ ಅರ್ಜಿ ಜೊತೆಜೊತೇಲೇ ಬಿಎನ್‌ಎಸ್‌ಎಸ್ 94ರ ಕೆಳಗೆ ಇನ್ನೊಂದು ಅರ್ಜಿ ಹಾಕ್ಸಿ, ಟವರ್ ಲೊಕೇಶನ್, ಸಿಸಿಟಿವಿ, ಸ್ಟೇಷನ್ ಡೈರಿ ಮೂರನ್ನೂ ಅಳಿಸ್ದೇ ಕಾಪಾಡಿ ಇಡೋಕೆ ಆದೇಶ ಮಾಡಿ ಅಂತ ಕೇಳಿ, ಬೇರೆಯವರ ನಂಬರಿಗೆ ಮಸಿ ಬಳಿದು ಕೊಟ್ರೂ ಸಾಕು ಅಂತ ಆ ಅರ್ಜೀಲೇ ಬರ್ಸಿ.